ಮನಃಶಾಸ್ತ್ರ ಓದದವರು ಯುವಜನರ ಮಾನಸಿಕ ಆರೋಗ್ಯ ಸಂಘವನ್ನು ಮುನ್ನಡೆಸಬಹುದೇ?

ಪ್ರಶ್ನೆ ಕೇಳಿರುವವರು ಬ್ಯಾಂಕ್ ಉದ್ಯೋಗಿ. ಯುವಜನರ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ತಮ್ಮ ತಾಲ್ಲೂಕಿನ ಸಣ್ಣ ಸಂಘವೊಂದು ತಮ್ಮನ್ನು ಗೌರವ ಕಾರ್ಯದರ್ಶಿಯಾಗುವಂತೆ ಕೇಳಿದೆಯೆಂದೂ, ಸಂಬಳವಿಲ್ಲದ ಈ ಹೊಣೆಯನ್ನು ಮನಃಶಾಸ್ತ್ರ ಓದದ ತಾವು ಒಪ್ಪಿಕೊಳ್ಳುವುದು ಸರಿಯೇ, ಒಪ್ಪಿಕೊಂಡರೆ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂದೂ ಬರೆದಿದ್ದಾರೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು. ದಾವಣಗೆರೆಯಲ್ಲಿ ಇಂಥದ್ದೇ ಒಂದು ಸಂಘದ ಅಧ್ಯಕ್ಷತೆಯನ್ನು ಹಲವು ವರ್ಷಗಳಿಂದ ನಿಭಾಯಿಸುತ್ತಿದ್ದೇನೆ. ಆ ಅನುಭವದ ಬಲದಿಂದ ಉತ್ತರಿಸುತ್ತಿದ್ದೇನೆ.

ದಯವಿಟ್ಟು ಒಪ್ಪಿಕೊಳ್ಳಿ. ಆದರೆ ಈ ಸ್ಥಾನದ ಕೆಲಸ ಏನೆಂಬುದು ಮೊದಲೇ ಸ್ಪಷ್ಟವಾಗಿರಬೇಕು. ಮಕ್ಕಳ ಮಾತನ್ನು ಕೇಳುವುದು ಸ್ವಯಂಸೇವಕರ ಕೆಲಸ, ಚಿಕಿತ್ಸೆ ನೀಡುವುದು ವೈದ್ಯರ ಕೆಲಸ. ಕೇಳಿದವರ ಬಳಿಯಿಂದ ಚಿಕಿತ್ಸೆ ನೀಡುವವರ ಬಳಿಗೆ ಆ ಮಗು ನಡುವೆ ಎಲ್ಲಿಯೂ ಕೈತಪ್ಪದಂತೆ ತಲುಪುವ ದಾರಿಯನ್ನು ಸಿದ್ಧಪಡಿಸಿ, ವರ್ಷವಿಡೀ ಅದು ತೆರೆದಿರುವಂತೆ ನೋಡಿಕೊಳ್ಳುವುದು ಸಂಘವನ್ನು ಮುನ್ನಡೆಸುವವರ ಕೆಲಸ. ಅದಕ್ಕೆ ಪದವಿಗಿಂತ ಹೆಚ್ಚಾಗಿ ತಾಳ್ಮೆ, ಬರೆದಿಡುವ ಶಿಸ್ತು, ಹಿಡಿದ ಕೆಲಸದ ಬೆನ್ನು ಬಿಡದ ಸ್ವಭಾವ ಬೇಕು. ಬ್ಯಾಂಕಿನಲ್ಲಿ ದುಡಿದವರಿಗೆ ಇವು ಹೊಸತಲ್ಲ.

ವೃತ್ತಿಪರರಲ್ಲದವರಿಂದ ಈ ಕ್ಷೇತ್ರದಲ್ಲಿ ಏನಾದೀತು ಎಂಬ ಸಂಶಯ ಸಹಜ. ಚೆನ್ನೈಯಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಅವರು ಆತ್ಮಹತ್ಯೆ ತಡೆಗಾಗಿ 1986ರಲ್ಲಿ ಸ್ಥಾಪಿಸಿದ ‘ಸ್ನೇಹಾ’ ಸಂಸ್ಥೆ ನಿಂತಿರುವುದೇ ತರಬೇತಿ ಪಡೆದ ಸಾಮಾನ್ಯ ಸ್ವಯಂಸೇವಕರ ಮೇಲೆ. ನಮ್ಮಲ್ಲಿ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳ ಕಾಲ ಕನ್ನಡದಲ್ಲಿಯೇ ಬರೆದು, ಮಾತನಾಡಿ, ಬೆಂಗಳೂರಿನ ‘ಸಮಾಧಾನ’ ಕೇಂದ್ರದ ಮೂಲಕ ಉಚಿತ ಆಪ್ತ ಸಲಹೆ ಒದಗಿಸಿ, ಮನಸ್ಸಿನ ಕಾಯಿಲೆಯ ಬಗ್ಗೆ ಮನೆಯ ಪಡಸಾಲೆಯಲ್ಲಿ ಕುಳಿತು ಮಾತನಾಡುವ ಧೈರ್ಯವನ್ನು ಜನರಿಗೆ ಕೊಟ್ಟಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಸಂಘದವರೆಲ್ಲ ಮನೆಯವರಿಗೇ ಬಂದಷ್ಟು ಸಂತೋಷಪಟ್ಟೆವು. ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳಲ್ಲಿ ನಡೆದು 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನಂತೂ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅಲ್ಲಿ ಶಾಲೆಯ ವಾತಾವರಣವನ್ನೂ ಮಕ್ಕಳ ಆರೋಗ್ಯವನ್ನೂ ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರೂ ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರೂ ನಡೆಸಿದರು. ಸಲಹೆಗಾರರಿದ್ದ ಶಾಲೆಗಳ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಉಪನ್ಯಾಸಕಿಯಾದ ನನಗೆ ಇದು ಒಪ್ಪಿಕೊಳ್ಳಲು ಕಷ್ಟವಾದ ಫಲಿತಾಂಶವೇ ಆದರೂ ಕಾರಣವನ್ನು ಊಹಿಸಬಲ್ಲೆ: ಆಂತರಿಕ ಅಂಕ ಕೊಡುವವರ ಮುಂದೆ, ತಂದೆಗೆ ಫೋನ್ ಮಾಡಿ ಹಾಜರಾತಿ ತಿಳಿಸುವವರ ಮುಂದೆ ಯಾವ ಮಗು ಮನಸ್ಸು ಬಿಚ್ಚೀತು? ಹೊರಗಿನಿಂದ ಬಂದು ಕೂರುವ ಸ್ವಯಂಸೇವಕರ ಬೆಲೆ ಇರುವುದು ಇಲ್ಲಿಯೇ.

ಹೊಸದಾಗಿ ಹೊಣೆ ಹೊತ್ತವರು ಸಾಮಾನ್ಯವಾಗಿ ಜಾಗೃತಿ ಕಾರ್ಯಕ್ರಮಗಳಿಂದ ಆರಂಭಿಸುತ್ತಾರೆ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಜಾಥಾ, ಕಾಲೇಜುಗಳಲ್ಲಿ ಉಪನ್ಯಾಸ, ಪೋಸ್ಟರ್ ಸ್ಪರ್ಧೆ. ನೀವು ಹಾಗೆ ಆರಂಭಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ‘ನೋವಿದ್ದರೆ ಹೇಳಿಕೊಳ್ಳಿ’ ಎಂದು ಮೈಕಿನಲ್ಲಿ ಹೇಳಿದರೆ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಆ ಮಾತನ್ನು ತಮಗೇ ಹೇಳಿದ್ದೆಂದು ಕೇಳಿಸಿಕೊಳ್ಳಬಹುದು. ಅವರಲ್ಲಿ ಇಬ್ಬರು ಅಂದು ಸಂಜೆಯೇ ಬಂದು ಹೇಳಿಕೊಂಡರೆ, ಮುಂದೇನು ಎಂಬುದಕ್ಕೆ ಉತ್ತರವಿಲ್ಲದ ಸಂಘ ಆ ಮಕ್ಕಳನ್ನು ಮೊದಲಿಗಿಂತ ಒಂಟಿಯಾಗಿಸಿ ಕಳುಹಿಸುತ್ತದೆ. ಒಮ್ಮೆ ಹೇಳಿಕೊಂಡು ಏನೂ ಆಗದೆ ಹೋದ ಹುಡುಗ ಮತ್ತೊಮ್ಮೆ ಬಾಯಿ ಬಿಡುವುದು ಬಹಳ ಅಪರೂಪ.

ಆದ್ದರಿಂದ ಮೊದಲ ಕೆಲವು ತಿಂಗಳುಗಳನ್ನು ದಾರಿ ಹುಡುಕುವುದಕ್ಕೆ ಮೀಸಲಿಡಿ. ಈ ವಿಷಯದಲ್ಲಿ ಕರ್ನಾಟಕ ಬಡ ರಾಜ್ಯವಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮಾನಸಿಕ ಚಿಕಿತ್ಸೆ ಹಳ್ಳಿಯವರೆಗೆ ತಲುಪುತ್ತದೆ ಎಂದು ಅಲ್ಲಿ ಕಂಡುಕೊಂಡದ್ದನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ನಿಮ್ಮ ಜಿಲ್ಲೆಯಲ್ಲಿಯೂ ಆ ಕಾರ್ಯಕ್ರಮದ ತಂಡವಿರುತ್ತದೆ. ಮನೋವೈದ್ಯರನ್ನೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ಖುದ್ದಾಗಿ ಭೇಟಿಯಾಗಿ ಪರಿಚಯ ಮಾಡಿಕೊಳ್ಳಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ ಬರುತ್ತಾರೆ, ಯಾವ ಕೊಠಡಿಯಲ್ಲಿ ಕೂರುತ್ತಾರೆ, ಚೀಟಿ ಎಲ್ಲಿ ಮಾಡಿಸಬೇಕು, ಬರೆದುಕೊಟ್ಟ ಮಾತ್ರೆ ಅಲ್ಲಿಯೇ ಸಿಗುತ್ತದೆಯೇ ಎಂಬುದೆಲ್ಲ ನಿಮ್ಮ ಪ್ರತಿಯೊಬ್ಬ ಸ್ವಯಂಸೇವಕರಿಗೂ ಬಾಯಿಪಾಠವಾಗಿರಬೇಕು. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ (ಹೆಸರು ಒಂದೇ ಆದರೂ ಇವು ಚೆನ್ನೈಯ ಸಂಸ್ಥೆಯವಲ್ಲ). ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಜೊತೆಗೂಡಿ ರೂಪಿಸಿದ ‘ಯುವ ಸ್ಪಂದನ’ ಕಾರ್ಯಕ್ರಮದಲ್ಲಿ ಯುವಜನರಿಗೆ ಮಾರ್ಗದರ್ಶನ ನೀಡುವ ಯುವ ಪರಿವರ್ತಕರು ನಿಮ್ಮ ವಯಸ್ಸಿನವರೇ ಇರಬಹುದು, ಅವರೊಂದಿಗೆ ಪೈಪೋಟಿಗೆ ಇಳಿಯದೆ ಜೊತೆಯಾಗಿ ಕೆಲಸ ಮಾಡಿ. ರಾತ್ರಿಯ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಉತ್ತರ ಓದುತ್ತಿರುವ ಯಾರಿಗಾದರೂ ಇಂದೇ ಅದು ಬೇಕಿದ್ದರೆ ದಯವಿಟ್ಟು ತಡಮಾಡಬೇಡಿ.

ದಾರಿ ಗೊತ್ತಿದ್ದರಷ್ಟೇ ಸಾಲದು, ಜೊತೆಗೆ ಹೋಗುವವರು ಬೇಕು. ನಮ್ಮ ಸಂಘದಲ್ಲಿ ವಿಳಾಸ ಬರೆದ ಚೀಟಿ ಕೊಟ್ಟು ಕಳುಹಿಸುವುದನ್ನು ನಿಲ್ಲಿಸಿದ್ದೇವೆ. ಮೊದಲ ಭೇಟಿಗೆ ಸ್ವಯಂಸೇವಕರೊಬ್ಬರು ಆಸ್ಪತ್ರೆಯ ಬಾಗಿಲಿನಲ್ಲಿ ಕಾದಿರುತ್ತಾರೆ, ಬಸ್ ಖರ್ಚು ಸಂಘದ್ದು, ಎರಡನೆಯ ಭೇಟಿಯ ದಿನಾಂಕವನ್ನು ಅಲ್ಲಿಯೇ ಬರೆದುಕೊಂಡು ಹಿಂದಿನ ದಿನ ನೆನಪಿಸುತ್ತಾರೆ. ಹಣ ಕೊಡುವ ದಾನಿಗಳು ಎಷ್ಟು ವಿದ್ಯಾರ್ಥಿಗಳಿಗೆ ‘ತಲುಪಿದಿರಿ’ ಎಂದು ಕೇಳುತ್ತಾರೆ. ನಿಮ್ಮ ವಾರ್ಷಿಕ ವರದಿಯಲ್ಲಿ ಆ ಸಂಖ್ಯೆಯ ಪಕ್ಕದಲ್ಲಿ, ವೈದ್ಯರ ಬಳಿಗೆ ಕಳುಹಿಸಿದವರಲ್ಲಿ ಎಷ್ಟು ಮಂದಿ ನಿಜವಾಗಿ ಹೋದರು, ಎರಡನೆಯ ಸಲವೂ ಎಷ್ಟು ಮಂದಿ ಹೋದರು ಎಂಬುದನ್ನೂ ಬರೆಯಿರಿ. ಆ ಸಂಖ್ಯೆ ಚಿಕ್ಕದಿರುತ್ತದೆ, ಆದರೆ ನಿಮ್ಮ ಕೆಲಸ ಹೇಗೆ ನಡೆದಿದೆ ಎಂದು ತಿಳಿಯುವುದು ಅದರಿಂದ ಮಾತ್ರ.

ಮನೆಯವರನ್ನು ಒಪ್ಪಿಸುವ ಕಷ್ಟವೇ ಬೇರೆ. ‘ಗಾಳಿ ಸೋಕಿದೆ, ಅಮಾವಾಸ್ಯೆಗೆ ದೇವರ ಹತ್ತಿರ ಕರೆದುಕೊಂಡು ಹೋಗುತ್ತೇವೆ’ ಎನ್ನುವವರೂ, ‘ಹೆಣ್ಣುಮಗಳು, ಹುಚ್ಚಾಸ್ಪತ್ರೆಗೆ ಹೋದಳೆಂದು ಗೊತ್ತಾದರೆ ನಾಳೆ ಸಂಬಂಧ ಕೂಡುವುದಿಲ್ಲ’ ಎನ್ನುವವರೂ ಮಗಳ ಮೇಲಿನ ಪ್ರೀತಿಯಿಂದಲೇ ಹಾಗೆನ್ನುತ್ತಾರೆ. ಅವರ ನಂಬಿಕೆಯೊಂದಿಗೆ ವಾದಕ್ಕೆ ನಿಂತರೆ ಆ ಮನೆಯ ಬಾಗಿಲು ನಮಗೆ ಮುಚ್ಚುತ್ತದೆ. ದೇವಸ್ಥಾನಕ್ಕೂ ಹೋಗಿ ಬನ್ನಿ, ಮಂಗಳವಾರ ಆಸ್ಪತ್ರೆಗೂ ಬನ್ನಿ, ಅಮ್ಮ, ನಾನು ಅಲ್ಲಿಯೇ ಇರುತ್ತೇನೆ ಎಂದು ಹೇಳುವುದನ್ನು ನಮ್ಮ ಸ್ವಯಂಸೇವಕರು ರೂಢಿಸಿಕೊಂಡಿದ್ದಾರೆ.

ಕಾನೂನಿನ ವಿಷಯದಲ್ಲಿ ಎರಡು ಸಂಗತಿಗಳನ್ನು ತರಬೇತಿಯ ಮೊದಲ ದಿನವೇ ಹೇಳಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಯಾರೇ ಆಗಿರಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಯಾವ ಸ್ವಯಂಸೇವಕರೂ ಮಾತು ಕೊಡಬಾರದು. ‘ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯವಿದೆ ಅಥವಾ ಯಾರೋ ನಿನಗೆ ಹಾನಿ ಮಾಡುತ್ತಿದ್ದಾರೆ ಎಂದು ಗೊತ್ತಾದರೆ ನಿನಗೆ ಹೇಳಿಯೇ ಮತ್ತೊಬ್ಬರಿಗೆ ತಿಳಿಸುತ್ತೇನೆ’ ಎಂಬುದನ್ನು ಮಾತು ಆರಂಭವಾಗುವ ಮೊದಲೇ ಹೇಳಬೇಕು. ಇನ್ನೊಂದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಕೇಸಾಗುತ್ತದೆಂಬ ಭಯದಿಂದ ಮಗುವನ್ನು ಆಸ್ಪತ್ರೆಗೆ ಸೇರಿಸಲು ಹಿಂಜರಿಯುವ ಕುಟುಂಬಗಳಿಗೆ ಈ ಒಂದು ಮಾತು ದೊಡ್ಡ ಧೈರ್ಯ ಕೊಡುತ್ತದೆ.

ಇನ್ನು ಸ್ವಯಂಸೇವಕರು. ನನ್ನ ಸಮಯದ ಹೆಚ್ಚಿನ ಪಾಲು ಹೋಗುವುದು ಇವರಿಗಾಗಿಯೇ, ಹೋಗಬೇಕಾದದ್ದೂ ಹಾಗೆಯೇ. ಈ ಕೆಲಸಕ್ಕೆ ಬರುವ ಬಹಳಷ್ಟು ಯುವಕ ಯುವತಿಯರು ತಮ್ಮ ಮನೆಯಲ್ಲೋ ಗೆಳೆಯರಲ್ಲೋ ಯಾರನ್ನಾದರೂ ಕಳೆದುಕೊಂಡವರು, ಅಥವಾ ತಾವೇ ಕತ್ತಲೆಯ ದಿನಗಳನ್ನು ದಾಟಿ ಬಂದವರು. ಅವರ ಅನುಕಂಪಕ್ಕೆ ಬೆಲೆ ಕಟ್ಟಲಾಗದು. ಆದರೂ ಗಾಯ ಹಸಿಯಾಗಿರುವಾಗ ಅವರನ್ನು ಮಕ್ಕಳ ಮುಂದೆ ಕೂರಿಸಬೇಡಿ. ಕಚೇರಿ ಕೆಲಸ, ಲೆಕ್ಕಪತ್ರ, ಕಾರ್ಯಕ್ರಮದ ಸಿದ್ಧತೆಯಲ್ಲಿ ತೊಡಗಿಸಿ, ಅವರೇ ಸಿದ್ಧರಾಗುವವರೆಗೆ ಕಾಯಿರಿ. ಸ್ವಂತ ಮೊಬೈಲ್ ಸಂಖ್ಯೆ ಕೊಡಬಾರದು, ಒಬ್ಬರೇ ಮನೆಗೆ ಹೋಗಬಾರದು, ಹಣ ಕೊಡಬಾರದು, ರೋಗದ ಹೆಸರು ಹೇಳಬಾರದು ಎಂಬ ನಿಯಮಗಳನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಒಳ್ಳೆಯ ಮನಸ್ಸಿನವರೇ ಈ ನಿಯಮಗಳನ್ನು ಮೊದಲು ಮೀರುತ್ತಾರೆ, ಏಕೆಂದರೆ ಮಧ್ಯರಾತ್ರಿಯ ಕರೆಯೊಂದನ್ನು ತಿರಸ್ಕರಿಸಲು ಅವರಿಗೆ ಮನಸ್ಸು ಬರುವುದಿಲ್ಲ. ವಾರಕ್ಕೊಮ್ಮೆ ಎಲ್ಲರೂ ಒಂದೆಡೆ ಕುಳಿತು, ಮಕ್ಕಳ ಹೆಸರು ಹೇಳದೆ, ಆ ವಾರ ತಮಗೆ ಭಾರವೆನಿಸಿದ್ದನ್ನು ಅನುಭವಿ ಆಪ್ತ ಸಲಹೆಗಾರರೊಬ್ಬರ ಮುಂದೆ ಹೇಳಿಕೊಳ್ಳುವ ಏರ್ಪಾಡು ಇರಲೇಬೇಕು. ಬೇರೆ ಯಾವ ಸಭೆಯನ್ನು ಮುಂದೂಡಿದರೂ ಇದನ್ನು ಮುಂದೂಡಬೇಡಿ. ಏಪ್ರಿಲ್‌ ಮತ್ತು ಮೇ ತಿಂಗಳಲ್ಲಿ, ಎಸ್‌ಎಸ್‌ಎಲ್‌ಸಿ ಹಾಗೂ ದ್ವಿತೀಯ ಪಿಯುಸಿ ಫಲಿತಾಂಶದ ಆಸುಪಾಸಿನಲ್ಲಿ, ಹೆಚ್ಚು ಮಂದಿ ಲಭ್ಯರಿರುವಂತೆ ಪಾಳಿಯನ್ನು ಮೊದಲೇ ಹಾಕಿಕೊಳ್ಳಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶದ ದಿನಾಂಕಗಳನ್ನು ಫಲಿತಾಂಶದ ಹಿಂದಿನ ದಿನವೇ ಮಕ್ಕಳಿಗೂ ಪೋಷಕರಿಗೂ ತಿಳಿಸಿ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಅವರಲ್ಲಿ ಎಲ್ಲರ ಕಾರಣವೂ ಪರೀಕ್ಷೆಯಲ್ಲ. ಆದರೂ ಫಲಿತಾಂಶದ ವಾರದಲ್ಲಿ ನಮ್ಮ ಫೋನ್ ಎತ್ತುವವರಿಲ್ಲದ ಹೊತ್ತು ಇರಬಾರದೆಂಬುದು ನನ್ನ ಹಟ.

ಆಡಳಿತದ ಭಾಗ ನಿಮಗೆ ಸುಲಭವಾದೀತು. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧನೆ ಮಾಡಿಸಿ, ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ಮಾನ್ಯತೆಯ ಅವಧಿ ಮುಗಿದಿದೆಯೇ ನೋಡಿ.

ಒಪ್ಪಿಗೆ ಪತ್ರ ಬರೆಯುವ ಮೊದಲು ಹಿಂದಿನ ಕಾರ್ಯದರ್ಶಿಯವರನ್ನು ಭೇಟಿಯಾಗಿ, ಕಳೆದ ವರ್ಷ ವೈದ್ಯರ ಬಳಿಗೆ ಕಳುಹಿಸಿದ ಮಕ್ಕಳ ದಾಖಲೆಯನ್ನು ಯಾರು ಇಟ್ಟಿದ್ದಾರೆ, ಎಲ್ಲಿ ಬೀಗ ಹಾಕಿದ್ದಾರೆ, ಅದನ್ನು ತೆರೆದು ನೋಡುವ ಅಧಿಕಾರ ಯಾರಿಗಿದೆ ಎಂದು ಕೇಳಿ. ಎರಡು ವರ್ಷಕ್ಕೊಮ್ಮೆ ಕಾರ್ಯದರ್ಶಿ ಬದಲಾಗಬೇಕೆಂಬ ನಿಯಮವನ್ನು ಬೈಲಾದಲ್ಲಿ ಸೇರಿಸಲು ಸಮಿತಿ ಸಿದ್ಧವಿದೆಯೇ ಎಂದೂ ವಿಚಾರಿಸಿ. ಸಿದ್ಧವಿದ್ದರೆ ನಿಮ್ಮ ನಂತರ ಬರುವವರನ್ನು ಮೊದಲ ವರ್ಷದಿಂದಲೇ ಜೊತೆಗೆ ಕೂರಿಸಿಕೊಳ್ಳಿ. ದಾಖಲೆಯೇ ಇಲ್ಲವೆಂದು ಅವರು ಹೇಳಿದರೆ ಹಿಂಜರಿಯಬೇಡಿ, ಹುದ್ದೆಯನ್ನು ಒಪ್ಪಿಕೊಂಡು ಹಳೆಯ ಸ್ವಯಂಸೇವಕರನ್ನು ಕರೆಸಿ. ಅವರ ನೆನಪಿನಲ್ಲಿರುವ ಮಕ್ಕಳಲ್ಲಿ ಯಾರು ಇನ್ನೂ ಚಿಕಿತ್ಸೆಗೆ ಹೋಗುತ್ತಿದ್ದಾರೆ, ಯಾರು ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಒಬ್ಬೊಬ್ಬರ ಬಗ್ಗೆಯೂ ಕೇಳಿ ತಿಳಿದುಕೊಂಡು, ಬಿಟ್ಟವರ ಮನೆಗಳಿಗೆ ಮುಂದಿನ ಮಂಗಳವಾರದೊಳಗೆ ಇಬ್ಬಿಬ್ಬರನ್ನು ಕಳುಹಿಸಿ.