ಮೇಷ್ಟ್ರನ್ನು ಕೇಳಿ: ಮಧ್ಯಾಹ್ನ ಹೊರಟರೆ ಸಂಜೆಗೇ ಅಮೆರಿಕ?

ಪ್ರಶ್ನೆ: ಮೇಷ್ಟ್ರೇ, ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ. ಜನವರಿಯಲ್ಲಿ ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇನೆ. ವಿಮಾನ ನಡುವೆ ಎಲ್ಲೂ ಇಳಿಯಲ್ವಂತೆ. ಟಿಕೆಟ್‌ನಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಅದೇ ಸೋಮವಾರ ಸಂಜೆ 5.30ಕ್ಕೆ ತಲುಪುತ್ತೆ ಅಂತಿದೆ. ಮಾರ್ಚ್ ಮೊದಲ ವಾರ ವಾಪಸ್ ಬರುವಾಗ ಸೋಮವಾರ ರಾತ್ರಿ 9ಕ್ಕೆ ಹತ್ತಿದರೆ ಬುಧವಾರ ಬೆಳಗಿನ ಜಾವ 4ಕ್ಕೆ! ಹೋಗೋಕೆ ಮೂರೂವರೆ ಗಂಟೆ, ಬರೋಕೆ ಮೂವತ್ತೊಂದಾ? ಜೊತೆಗೆ ಅಳಿಯ, ಉತ್ತರ ಧ್ರುವದ ಕಡೆಯಿಂದ ಹೋಗುತ್ತೆ ಅಂತಾನೆ. ಸುಮ್ನೆ ಹೆದರಿಸ್ತಿದ್ದಾನಾ?

ಉತ್ತರ: ಎರಡೂ ಅಲ್ಲಮ್ಮ. ಹೋಗೋಕೂ ಬರೋಕೂ ಹೆಚ್ಚೂಕಡಿಮೆ ಹದಿನೇಳು ಗಂಟೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹತ್ತುವ ಊರಿನದು, ತಲುಪುವ ಹೊತ್ತು ಇಳಿಯುವ ಊರಿನದು. ಒಂದರಲ್ಲಿ ಇನ್ನೊಂದನ್ನು ಕಳೆಯಬಾರದು. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ನೀವು ಮಧ್ಯಾಹ್ನ 2ಕ್ಕೆ ಹೊರಡುವಾಗ ಮಗಳಿಗೆ ಸೋಮವಾರ ಹುಟ್ಟಿ ಬರೀ ಅರ್ಧ ಗಂಟೆ, ನಡುರಾತ್ರಿ 12.30. ಅದಕ್ಕೆ 17 ಸೇರಿಸಿ, ಸಂಜೆ 5.30 ಆಯ್ತಲ್ವಾ? ಬರುವಾಗ ತಿರುಗುಮುರುಗು. ಅಲ್ಲಿ ಸೋಮವಾರ ರಾತ್ರಿ 9 ಅಂದರೆ ಶಿಡ್ಲಘಟ್ಟದಲ್ಲಿ ಆಗಲೇ ಮಂಗಳವಾರ ಬೆಳಿಗ್ಗೆ 10.30. ಅಲ್ಲಿಂದ ಹದಿನೇಳೂವರೆ ಗಂಟೆ ಎಣಿಸಿ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ವಾಪಸ್ ಬರೋದು ಅದರಾಚೆಗೆ ಹೋದರೆ ಹನ್ನೆರಡೂವರೆ ಗಂಟೆಯ ಲೆಕ್ಕ ಹಾಕಿ. ಬಾಣಂತನಕ್ಕೆ ಹೋದ ಅಮ್ಮಂದಿರ ಟಿಕೆಟ್ ಮುಂದಕ್ಕೆ ಹೋಗದೆ ಇರುತ್ತಾ!

ಇನ್ನು ನಿಮ್ಮ ಅಳಿಯ. ಗೋಡೆಯ ನಕ್ಷೆ ನೋಡಿದರೆ ಅವರ ಮಾತು ನಂಬೋದು ಕಷ್ಟ. ಶಾಲೆಯಿಂದ ಒಂದು ಗ್ಲೋಬ್ ತರಿಸಿ. ರೇಷ್ಮೆ ಎಳೆಗೆ ನಿಮ್ಮ ಮನೇಲಿ ಬರವಿಲ್ಲ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆಯಿರಿ. ಎಳೆ ತಾನಾಗೇ ಮೇಲಕ್ಕೆ ಜಾರುತ್ತೆ. ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ, ಅಲಾಸ್ಕ ಹಾದು ಕೆಳಗಿಳಿಯುತ್ತೆ. ಅದೇ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದಿಳಿಯಿತು. ಓಡಿಸಿದವರೆಲ್ಲ ಹೆಂಗಸರೇ.

ಹಾಗಂತ ದಿನಾ ಅದೇ ದಾರಿ ಅಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತೆ. ಹೋಗುವಾಗ ಅದು ಬೆನ್ನಿಗೆ ಸಿಗುತ್ತೆ ಅಂತ ದೂರ ಸ್ವಲ್ಪ ಜಾಸ್ತಿಯಾದರೂ ಪೆಸಿಫಿಕ್ ಮೇಲೆ ಹೋಗುವುದುಂಟು. ಯಾವ ದೇಶದ ಆಕಾಶ ಮುಚ್ಚಿದೆ ಅನ್ನೋದನ್ನೂ ನೋಡಬೇಕು.

ದೇವನಹಳ್ಳಿಗೆ ಮೂರು ಗಂಟೆ ಮುಂಚೆ ತಲುಪಿ. ಹೆಬ್ಬಾಳದ ಟ್ರಾಫಿಕ್ ಬೆಂಗಳೂರಿನವರ ಪಾಡು, ನಿಮಗಿಲ್ಲ. ವಿಮಾನದಲ್ಲಿ ಆಗಾಗ ಎದ್ದು ಓಡಾಡಿ, ಕೂತಲ್ಲೇ ಇದ್ದರೆ ಕಾಲು ಊದುತ್ತೆ. ಬಿ.ಪಿ., ಸಕ್ಕರೆ ಮಾತ್ರೆ ನುಂಗುವವರಾದರೆ, ಯಾವ ಊರಿನ ಗಡಿಯಾರ ನೋಡಿ ನುಂಗಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.