ಬಿ.ವೋಕ್: ಸಿಲೆಬಸ್‌ಗೆ ಮೊದಲು ಕೆಲಸ ನೋಡಿ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಬಿ.ವೋಕ್, ಅಂದರೆ ಕಸುಬು ಕಲಿಸುವ ಮೂರು ವರ್ಷದ ಪದವಿ, ಶುರು ಮಾಡಿದ್ದು 2014ರಲ್ಲಿ. ಕಾಲೇಜುಗಳು ಕೇಳುವ ಪ್ರಶ್ನೆಗಳು ಮಾತ್ರ ಇವತ್ತಿಗೂ ಅವೇ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಆಹಾರ ಸಂಸ್ಕರಣೆಯ ಬಿ.ವೋಕ್ ತೆರೆಯುವ ಯೋಚನೆಯಿದೆ. ಈಗಿರುವ ಬಿ.ಎಸ್ಸಿ. ಸಿಲೆಬಸ್‌ಗೆ ಒಂದಷ್ಟು ಪ್ರಾಕ್ಟಿಕಲ್ ಸೇರಿಸಿದರೆ ಸಾಕಲ್ವಾ?

ಉತ್ತರ: ಸಾಲದು. ಯುಜಿಸಿಯ ಬಿ.ವೋಕ್ ಮಾರ್ಗಸೂಚಿಯ ಪ್ರಕಾರ ವರ್ಷಕ್ಕೆ 60 ಕ್ರೆಡಿಟ್. ಅದರಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಬಿ.ಎಸ್ಸಿ.ಗೆ ತೇಪೆ ಹಾಕಿದರೆ ಈ ಲೆಕ್ಕ ಕಾಗದದ ಮೇಲಷ್ಟೇ ಕೂಡುತ್ತದೆ.

ಒಂದು ವರ್ಷ ಓದಿ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ಅಂದರೆ ಪ್ರತಿ ವರ್ಷದ ಕೊನೆಗೆ ಒಂದು ಕೆಲಸ ಮಾಡಲು ಬಂದಿರಬೇಕು. ನನ್ನ ಮುಂದೆ ಬರುವ ಸಿಲೆಬಸ್ ಕರಡುಗಳಲ್ಲಿ ಮೊದಲ ವರ್ಷವೆಲ್ಲ ಕೆಮಿಸ್ಟ್ರಿ, ಮೈಕ್ರೋಬಯಾಲಜಿ. ಯಂತ್ರ ಮುಟ್ಟುವುದು ಐದನೇ ಸೆಮಿಸ್ಟರ್‌ನಲ್ಲಿ. ಮನೆಯ ಕಷ್ಟಕ್ಕೆ ವರ್ಷದಲ್ಲೇ ಓದು ಬಿಟ್ಟ ಹುಡುಗಿ ಆ ಡಿಪ್ಲೊಮಾ ಹಿಡಿದು ಯಾವ ಫ್ಯಾಕ್ಟರಿಗೆ ಹೋಗಬೇಕು?

ಪರೀಕ್ಷೆಯನ್ನೂ ಬದಲಿಸಿ. 'ಜಾಮ್ ತಯಾರಿಸುವ ವಿಧಾನ ವಿವರಿಸಿ, 10 ಅಂಕ' ಅಂತ ಕೇಳಬೇಡಿ. ಹಣ್ಣು, ಸಕ್ಕರೆ, ಒಲೆ ಕೊಡಿ. ಕರಗಿದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಗಾಜಿಗೆ ಒಂದು ಹನಿ ಹಾಕಿ ಅವರೇ ಓದಲಿ. ಬಿಸಿ ಹನಿ ತಣ್ಣಗಾಗುವ ಮೊದಲೇ ಓದಿದರೆ ಅಳತೆ ತಪ್ಪುತ್ತದೆ. ಆಹಾರ ಸುರಕ್ಷತಾ ನಿಯಮದಲ್ಲಿ ಜಾಮ್‌ಗೆ ಕರಗಿದ ಘನಾಂಶ ಕಡಿಮೆಯೆಂದರೂ ಶೇ 65 ಇರಬೇಕು. ಅದಕ್ಕಿಂತ ಮೊದಲೇ ಇಳಿಸಿದರೆ ಬೂಷ್ಟು ಹಿಡಿಯುವ ಭಯ. ಈಗಲೇ ಯಾಕೆ ಇಳಿಸಿದಿರಿ ಅಂತ ಕೇಳಿ. ನೀವು ಹೇಳುವ ಕೆಮಿಸ್ಟ್ರಿ ಆ ಉತ್ತರದಲ್ಲೇ ಬರುತ್ತದೆ.

ಇನ್ನು ಸಿಲೆಬಸ್ ತೀರ್ಮಾನಿಸುವ ಅಧ್ಯಯನ ಮಂಡಳಿಯ (ಬಿಒಎಸ್) ಸಭೆಗೆ ಫ್ಯಾಕ್ಟರಿ ಮಾಲೀಕರನ್ನು ಕರೆದು ಶಾಲು ಹೊದಿಸುವುದನ್ನು ನಿಲ್ಲಿಸಿ. ಸೂಪರ್‌ವೈಸರನ್ನು ಕರೆಯಿರಿ. ಹೊಸಬರು ಮೊದಲ ವಾರ ಏನೇನು ಕೆಡಿಸುತ್ತಾರೆ ಅಂತ ಗೊತ್ತಿರುವುದು ಅವರಿಗೇ. ಮಕ್ಕಳು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಒಂದೂ ಘಟಕವಿಲ್ಲವೇ? ಈ ಕೋರ್ಸ್ ಬೇಡ, ನಿಮ್ಮೂರಲ್ಲಿ ಇರುವ ಕಸುಬು ನೋಡಿ. ಸೀಟು ತುಂಬಲಿ ಅಂತ ಸುಮ್ನೆ ತೆರೆಯಬೇಡಿ.

ಪ್ರಶ್ನೆ: ಕನ್ಸಲ್ಟೆಂಟ್ ಒಬ್ಬರು ರೆಡಿ ಸಿಲೆಬಸ್, ಕಂಪನಿ ಒಪ್ಪಂದ ಎರಡನ್ನೂ ಕೊಡುತ್ತಾರಂತೆ. ತಗೊಳ್ಳಬಹುದಾ?

ಉತ್ತರ: ಬಾಗಿಲು ತೋರಿಸಿ. ಕಾಲೇಜಿನ ಹೆಸರು ಬದಲಿಸಿ ಅದೇ ಪಿಡಿಎಫ್ ಹತ್ತು ಕಡೆ ಮಾರುವ ಜನ ಇವರು. ಒಪ್ಪಂದ ಮುಂದಿಟ್ಟರೆ ಮೂರೇ ಮಾತು ಕೇಳಿ: ಎಷ್ಟು ಮಕ್ಕಳನ್ನು ತಗೊಳ್ಳುತ್ತಾರೆ, ಯಾವ ತಿಂಗಳು, ಅಲ್ಲಿ ಕಲಿಸುವವರು ಯಾರು? ಮೂರನೆಯದಕ್ಕೆ ಹೆಸರು ಬರುವುದಿಲ್ಲ.

ಪ್ರಶ್ನೆ: ಇಂಟರ್ನ್‌ಶಿಪ್ ಆನ್‌ಲೈನ್‌ನಲ್ಲೇ ಮುಗಿಸಬಹುದಾ?

ಉತ್ತರ: ಈ ಕೋರ್ಸಿಗೆ? ಬೇಡ.

ಪ್ರಶ್ನೆ: ಬಿ.ವೋಕ್ ಮಾಡಿದವರು ಯುಪಿಎಸ್‌ಸಿ ಬರೆಯಬಹುದಾ?

ಉತ್ತರ: ಬರೆಯಬಹುದು. 'ಯಾವುದೇ ಪದವಿ' ಎಂದಿರುವ ಕಡೆ ಇದೂ ಪದವಿಯೇ. ಇಂಥದೇ ವಿಷಯದ ಪದವಿ ಬೇಕೆನ್ನುವ ಹುದ್ದೆಯಾದರೆ ನೋಟಿಫಿಕೇಶನ್ ನೀವೇ ಓದಿ, ನನ್ನನ್ನು ಕೇಳಬೇಡಿ.