1806ರಲ್ಲಿ ಸಂಸ್ಥಾನ ಕಳೆದುಕೊಂಡ ಮನೆತನದ ಜರ್ಮನ್ ರಾಜಕುಮಾರ ಮ್ಯಾಕ್ಸಿಮಿಲಿಯನ್‌ಗೆ ಅಮೆರಿಕ ಸುತ್ತಲು ಹೇಗೆ ಸಾಧ್ಯವಾಯಿತು?

ಅವರ ಮನೆತನ ಕಳೆದುಕೊಂಡದ್ದು ಆಳುವ ಹಕ್ಕನ್ನು, ಆಸ್ತಿಯನ್ನಲ್ಲ. ನೆಪೋಲಿಯನ್ 1806ರಲ್ಲಿ ಜರ್ಮನಿಯ ಹತ್ತಾರು ಪುಟ್ಟ ಸಂಸ್ಥಾನಗಳನ್ನು ದೊಡ್ಡವುಗಳ ಜೊತೆ ಸೇರಿಸಿಬಿಟ್ಟ. ರೈನ್ ನದಿ ದಂಡೆಯ ವೀಡ್-ನಾಯ್‌ವೀಡ್ ಕೂಡ ಹಾಗೇ ಹೋಯಿತು. ಸೈನ್ಯ, ಕಾನೂನು ಮಾಡುವ ಅಧಿಕಾರ ಕೈಬಿಟ್ಟವು. ಅರಮನೆ, ಜಮೀನು, ರಾಜಕುಮಾರ ಅನ್ನೋ ಬಿರುದು ಉಳಿದವು.

ಮ್ಯಾಕ್ಸಿಮಿಲಿಯನ್ (1782–1867) ಹಿರಿಯ ಮಗನಲ್ಲ. ಮದುವೆಯಾಗಲಿಲ್ಲ. ಪ್ರಷ್ಯಾದ ಸೈನ್ಯದಲ್ಲಿ ದುಡಿದು, ಆಮೇಲೆ ಪ್ರಕೃತಿ ಅಧ್ಯಯನಕ್ಕೆ ಇಳಿದರು. 1815ರಿಂದ 1817ರವರೆಗೆ ಬ್ರೆಜಿಲ್ ಸುತ್ತಿದರು. 1832ರಲ್ಲಿ ಸ್ವಿಸ್ ಚಿತ್ರಕಾರ ಕಾರ್ಲ್ ಬೋಡ್ಮರ್ ಜೊತೆ ಉತ್ತರ ಅಮೆರಿಕಕ್ಕೆ ಹೊರಟರು.

ನನಗೆ ಜಾಸ್ತಿ ಕಾಡುವುದು 1833–34ರ ಚಳಿಗಾಲ. ಮಿಸ್ಸೂರಿ ನದಿ ತೀರದ ಫೋರ್ಟ್ ಕ್ಲಾರ್ಕ್ ಎಂಬ ವ್ಯಾಪಾರಿ ಕೋಟೆಯಲ್ಲಿ, ಬಿರುಕು ಬಿಟ್ಟ ಗೋಡೆಯ ಕೋಣೆ. ಚಳಿಗೆ ಶಾಯಿ, ಬಣ್ಣ ಎರಡೂ ಹೆಪ್ಪುಗಟ್ಟುತ್ತಿದ್ದವು. ಆದರೂ ಅವರು ಪಕ್ಕದ ಹಳ್ಳಿಗಳ ಮೂಲನಿವಾಸಿಗಳಾದ ಮಂಡಾನ್ ಜನರ ಮಾತು, ಆಚರಣೆ, ಉಡುಪು ಎಲ್ಲ ಬರೆದುಕೊಂಡರು. ಮುಖಂಡ ಮಾಟೋ-ಟೋಪೆ ಅವರ ಸ್ನೇಹಿತನಾದ. ಹಸಿ ಸೊಪ್ಪು, ತರಕಾರಿ ಇಲ್ಲದೆ ಮ್ಯಾಕ್ಸಿಮಿಲಿಯನ್‌ಗೆ ಸ್ಕರ್ವಿ ರೋಗ ಬಂದು ಕಾಲು ಊದಿಕೊಂಡಿತು. ಕೊನೆಗೆ ಕೋಟೆಯ ಅಡುಗೆಯವನ ಸಲಹೆಯಂತೆ ಊರಿನ ಮಕ್ಕಳು ಕಾಡು ಈರುಳ್ಳಿ ಕಿತ್ತು ತಂದರು. ಅದನ್ನು ತಿಂದೇ ಚೇತರಿಸಿಕೊಂಡರು.

1837ರಲ್ಲಿ ಸಿಡುಬು ಬಂದು ಮಂಡಾನ್ ಜನರಲ್ಲಿ ಬಹುಪಾಲು ಸತ್ತರು, ಮಾಟೋ-ಟೋಪೆಯೂ ಸತ್ತ. ಆ ಹಳ್ಳಿಗಳು ತುಂಬಿದ್ದಾಗ ಹೇಗಿದ್ದವು ಅಂತ ಇಂದು ನೋಡಬೇಕಾದರೆ, ಆ ಚಳಿಗಾಲದ ಟಿಪ್ಪಣಿಗಳನ್ನೂ ಬೋಡ್ಮರ್ ಚಿತ್ರಗಳನ್ನೂ ತೆರೆಯಬೇಕು.